ನಾಲ್ಕು ವರ್ಷದಿಂದ ಪಾಪ ಮಾಡಿಲ್ಲ ಎಂದ ಹುಡುಗ

ಕಳೆದ ತಿಂಗಳ ಬುಧವಾರದ ಮನೆಪ್ರಾರ್ಥನೆ ನಮ್ಮ ಬೀದಿಯ ಕೊನೆಯ ಮನೆಯಲ್ಲಿತ್ತು. ಮೈಸೂರಿನ ಮಂಡಿ ಮೊಹಲ್ಲಾದ ಹಳೇ ಹೆಂಚಿನ ಮನೆ, ಚಿಕ್ಕ ನಡುಮನೆ. ಚಾಪೆ ಹಾಸಿಕೊಂಡು ಇಪ್ಪತ್ತು ಜನ ಒತ್ತರಿಸಿ ಕೂತಿದ್ದೆವು. ಕೀರ್ತನೆ ಆಯಿತು, ವಾಕ್ಯ ಆಯಿತು, ದೇವರು ತಮ್ಮ ಬದುಕಿನಲ್ಲಿ ಮಾಡಿದ್ದನ್ನು ಎದ್ದು ನಿಂತು ಹೇಳುವ ಸಾಕ್ಷಿಯ ಹೊತ್ತು ಬಂತು. ಬಾಗಿಲ ಹತ್ತಿರ ಕೂತಿದ್ದ ಹುಡುಗ ಎದ್ದು ನಿಂತ. ಮೇಟಗಳ್ಳಿ ಕಡೆ ಫ್ಯಾಕ್ಟರಿ ಕೆಲಸ, ಮೂವತ್ತರ ಒಳಗಿನ ವಯಸ್ಸು. ಮದುವೆಗೆ ಮುಂಚೆ ಸಂಬಳವನ್ನೆಲ್ಲ ಕುಡಿತಕ್ಕೆ ಸುರಿದವನು, ಈಗ ಅದರ ಕಡೆ ತಿರುಗಿಯೂ ನೋಡುವುದಿಲ್ಲ ಎಂದು ಬೀದಿಗೆಲ್ಲ ಗೊತ್ತು.

"ದೇವರಿಗೆ ಸ್ತೋತ್ರ. ರಕ್ಷಣೆ ಸಿಕ್ಕಿ ನಾಲ್ಕು ವರ್ಷ ಆಯ್ತು. ಈ ನಾಲ್ಕು ವರ್ಷದಲ್ಲಿ ನಾನು ಒಂದೂ ಪಾಪ ಮಾಡಿಲ್ಲ" ಎಂದ.

ಇಬ್ಬರು ಮೂವರು "ಆಮೆನ್" ಎಂದರು. ಪಕ್ಕದಲ್ಲಿ ಕೂತಿದ್ದ ಅವನ ಹೆಂಡತಿ ತಲೆ ಎತ್ತಲಿಲ್ಲ, ಚಾಪೆಯ ಅಂಚಿನ ದಾರವನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೂತಿದ್ದಳು. ನಮ್ಮ ಸಭೆಯ ಹಿರಿಯರೊಬ್ಬರು ತಡೆಯಲಾರದೆ ಹೇಳಿದರು: "ಹಾಗನ್ನಬಾರದು ಕಣಪ್ಪ. ನಾವೆಲ್ಲ ಪಾಪಿಗಳೇ. ಸಾಯೋವರೆಗೂ ಪಾಪ ಮಾಡ್ತಾನೇ ಇರ್ತೀವಿ." ಹುಡುಗ ಕೂಡಲೇ ಸತ್ಯವೇದ ತೆರೆದು ಯೋಹಾನನ ಮೊದಲನೆಯ ಪತ್ರದ ಮೂರನೇ ಅಧ್ಯಾಯ ಓದಿದ: ದೇವರಿಂದ ಹುಟ್ಟಿದವನು ಪಾಪ ಮಾಡುವುದಿಲ್ಲ. ಹಿರಿಯರು ಅದೇ ಪತ್ರದ ಒಂದನೇ ಅಧ್ಯಾಯ ತೆಗೆದರು: ನಮ್ಮಲ್ಲಿ ಪಾಪವಿಲ್ಲ ಎಂದರೆ ನಮ್ಮನ್ನು ನಾವೇ ಮೋಸಪಡಿಸಿಕೊಳ್ಳುತ್ತೇವೆ. ಅದೇ ಅಪೊಸ್ತಲ, ಅದೇ ಪತ್ರ, ನಡುವೆ ಎರಡು ಹಾಳೆಯೂ ಇಲ್ಲ. ಅಷ್ಟರಲ್ಲಿ ಒಳಗಿಂದ ಚಿತ್ರಾನ್ನ, ಕಾಫಿ ಬಂತು. ಮಾತು ಅಲ್ಲಿಗೇ ನಿಂತಿತು.

ಮನೆಗೆ ಬಂದ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಹುಡುಗನ ಮಾತು ತಪ್ಪು ಅನ್ನಿಸಿತ್ತು, ನಿಜ. ಆದರೆ ಹಿರಿಯರ ಮಾತೂ ನನ್ನನ್ನು ಅಷ್ಟೇ ಚುಚ್ಚಿತ್ತು. ಏಕೆಂದರೆ ಆ ಮಾತನ್ನು ನಾನು ಮೊದಲು ಕೇಳಿದ್ದು ನಮ್ಮಪ್ಪನ ಬಾಯಲ್ಲಿ, ಆಲೆಮನೆಯ ಒಲೆಯ ಮುಂದೆ.

ನಮ್ಮದು ಮಂಡ್ಯ ಜಿಲ್ಲೆ, ಮದ್ದೂರಿನ ಆಚೆ ನಾಲೆ ಬಯಲಿನ ಒಂದು ಊರು. ಅಪ್ಪ ಗುತ್ತಿಗೆಗೆ ಆಲೆಮನೆ ನಡೆಸುತ್ತಿದ್ದರು. ಕಬ್ಬು ಅರೆಯುವ ದಿನಗಳಲ್ಲಿ ಸ್ಕೂಲು ಬಿಟ್ಟ ಕೂಡಲೇ ನಾನೂ ತಮ್ಮನೂ ಅಲ್ಲೇ. ಗಾಣದಿಂದ ಹಾಲು ಇಳಿದು ಕೊಪ್ಪರಿಗೆ ತುಂಬುವುದು, ಒಲೆಗೆ ಒಣಗಿದ ರಚ್ಚು ತುರುಕುವುದು, ಕುದಿ ಬರುತ್ತಿದ್ದ ಹಾಗೆ ಕರಿ ಮಡ್ಡಿ ಮೇಲೆ ಕಟ್ಟುವುದು, ಅದನ್ನು ಉದ್ದ ಹಿಡಿಯ ಜರಡಿಯಲ್ಲಿ ಬಳಿದು ಬಳಿದು ತೆಗೆಯುವುದು. ಹದಕ್ಕೆ ಬರುವ ಹೊತ್ತಿಗೆ ಅಪ್ಪ ಒಂದು ತಗಡಿನ ಡಬ್ಬಿಯ ಮುಚ್ಚಳ ತೆಗೆದು ಬಿಳಿ ಪುಡಿಯನ್ನು ಕೊಪ್ಪರಿಗೆಗೆ ಉದುರಿಸುತ್ತಿದ್ದರು. ಗಂಧಕದ ಘಾಟು ಮೂಗಿಗೆ ಬಡಿಯುತ್ತಿತ್ತು. ಕಂದು ಬಣ್ಣದ ಪಾಕ ನೋಡನೋಡುತ್ತಿದ್ದ ಹಾಗೆ ಹೊಂಬಣ್ಣಕ್ಕೆ ತಿರುಗುತ್ತಿತ್ತು. ಅದಕ್ಕೆ ಹೈಡ್ರೋಸ್ ಎನ್ನುತ್ತಾರೆ. ಸೋಡಿಯಂ ಹೈಡ್ರೋಸಲ್ಫೈಟ್. ಬಟ್ಟೆಯ ಬಣ್ಣ ತೆಗೆಯಲು ಬಳಸುವ ರಾಸಾಯನಿಕ. ಬೆಲ್ಲದ ರುಚಿಗೆ ಅದರಿಂದ ಏನೂ ಲಾಭವಿಲ್ಲ, ತಿನ್ನುವವರ ಹೊಟ್ಟೆಗಂತೂ ಒಳ್ಳೆಯದಲ್ಲ. ಕಣ್ಣಿಗೆ ಚೆಂದ ಕಾಣುತ್ತದೆ, ಮಂಡಿಯಲ್ಲಿ ರೇಟು ಸಿಗುತ್ತದೆ, ಅಷ್ಟೇ.

ನಮ್ಮ ಮನೆಗೆ ಬಳಸುವ ಬೆಲ್ಲಕ್ಕೆ ಅಪ್ಪ ಅದನ್ನು ಹಾಕುತ್ತಿರಲಿಲ್ಲ. ಮೊದಲ ಕೊಪ್ಪರಿಗೆಯಲ್ಲಿ ಹತ್ತು ಅಚ್ಚು ಕಪ್ಪು ಬೆಲ್ಲ ತೆಗೆದು ಪಕ್ಕಕ್ಕಿಟ್ಟು ಆಮೇಲೆ ಡಬ್ಬಿ ತೆಗೆಯುತ್ತಿದ್ದರು. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಕೇಳಿಯೇಬಿಟ್ಟೆ: "ನಮಗೆ ಬೇಡದ್ದನ್ನ ಬೇರೆಯವರಿಗೆ ಯಾಕಪ್ಪ ಹಾಕ್ತೀರಾ?"

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಕರ‍್ರಗಿರೋ ಬೆಲ್ಲ ಮಂಡಿಲಿ ಯಾರೂ ಮುಟ್ಟಲ್ಲ ಕಣವ್ವ. ಏನ್ ಮಾಡ್ಲಿ ಹೇಳು. ದೇವರಿಗೆ ಗೊತ್ತು. ನಾವೆಲ್ಲ ಪಾಪಿಗಳೇ" ಎಂದರು.

ಅಪ್ಪ ಸುಳ್ಳು ಭಕ್ತರಲ್ಲ. ಬೆಳಗ್ಗೆ ನಾಲ್ಕಕ್ಕೆ ಎದ್ದು ಮೊಣಕಾಲೂರಿ ನಮ್ಮ ಒಬ್ಬೊಬ್ಬರ ಹೆಸರು ಹೇಳಿ ಪ್ರಾರ್ಥನೆ ಮಾಡುತ್ತಿದ್ದವರು. ಭಾನುವಾರ ಸಭೆಯ ಜೊತೆ ಪಾಪದ ಅರಿಕೆ ಹೇಳುವಾಗ ಅವರ ದನಿ ನಡುಗುತ್ತಿತ್ತು. ಅದರಲ್ಲಿ ನಟನೆ ಇರಲಿಲ್ಲ ಎಂದು ನಾನು ಇಂದಿಗೂ ಹೇಳಬಲ್ಲೆ. ಆದರೆ ಸೋಮವಾರ ಬೆಳಗ್ಗೆ ಡಬ್ಬಿಯ ಮುಚ್ಚಳ ತೆಗೆಯುತ್ತೇನೆ ಎಂಬುದು ಅರಿಕೆ ಹೇಳುವಾಗಲೇ ಅವರಿಗೆ ಗೊತ್ತಿತ್ತು. "ನಾವೆಲ್ಲ ಪಾಪಿಗಳೇ" ಎಂಬ ಸತ್ಯವಾಕ್ಯ ಅವರಿಗೆ ಒಂದು ಚಾಪೆಯ ಹಾಗೆ ಆಗಿತ್ತು. ಅದರ ಮೇಲೆ ಮಲಗಿದರೆ ನಿದ್ದೆ ಬರುತ್ತಿತ್ತು.

ನಮ್ಮ ಕಡೆಯ ಸಭೆಗಳ ಬೇರು ವೆಸ್ಲಿಯನ್ ಮಿಷನ್ನಿನದು; ಹದಿನೆಂಟನೇ ಶತಮಾನದ ಇಂಗ್ಲಿಷ್ ಬೋಧಕ, ಮೆಥಡಿಸ್ಟ್ ಸಭೆಗಳ ಮೂಲಪುರುಷ ಜಾನ್ ವೆಸ್ಲಿಯ ಹೆಸರಿನದು. 1947ರಲ್ಲಿ ಹಲವು ಪ್ರಾಟೆಸ್ಟೆಂಟ್ ಸಭೆಗಳು ಕೂಡಿ ದಕ್ಷಿಣ ಭಾರತ ಸಭೆ (ಸಿ.ಎಸ್.ಐ.) ಆದಾಗ ನಾವೂ ಅದರೊಳಗೆ ಸೇರಿದೆವು. ಆದರೆ ಮೈಸೂರಿನಲ್ಲಿ ಚರ್ಚಿಗೆ, ಪ್ರೆಸ್ಸಿಗೆ ವೆಸ್ಲಿಯ ಹೆಸರು ಉಳಿದುಕೊಂಡಿತು. ಆ ಹೆಸರು ದಿನಾ ನಮ್ಮ ನಾಲಿಗೆಯ ಮೇಲಿದೆ, ಆತ ಏನು ಹೇಳಿದರು ಎಂಬುದು ಮಾತ್ರ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ವಿಶ್ವಾಸಿ ಈ ಜನ್ಮದಲ್ಲೇ ಪರಿಪೂರ್ಣತೆಗೆ ಬರಬಹುದು ಎಂದು ಗಟ್ಟಿಯಾಗಿ ಸಾರಿದವರು ಜಾನ್ ವೆಸ್ಲಿ. 1766ರಲ್ಲಿ ಅದರ ಬಗ್ಗೆಯೇ ಒಂದು ಪುಸ್ತಕ ಪ್ರಕಟಿಸಿದರು. ಇಂದಿಗೂ ಮೆಥಡಿಸ್ಟ್ ಸಭೆಗಳಲ್ಲಿ ಬೋಧಕರಾಗಲು ಬಂದವರನ್ನು ಎಲ್ಲರ ಮುಂದೆ ನಿಲ್ಲಿಸಿ ಕೇಳುತ್ತಾರೆ: ಪರಿಪೂರ್ಣತೆಯ ಕಡೆಗೆ ಸಾಗುತ್ತಿದ್ದೀರಾ? ಈ ಬದುಕಿನಲ್ಲೇ ಪ್ರೀತಿಯಲ್ಲಿ ಪರಿಪೂರ್ಣರಾಗುವ ನಿರೀಕ್ಷೆ ನಿಮಗಿದೆಯೇ?

ಇದನ್ನು ಮೊದಲು ಓದಿದಾಗ, ಹಾಗಾದರೆ ಆ ಹುಡುಗನ ಕಡೆಗೇ ವೆಸ್ಲಿ ನಿಲ್ಲುತ್ತಾರೆ ಅಂದುಕೊಂಡೆ. ಪೂರ್ತಿ ಓದಿದರೆ ಹಾಗಲ್ಲ. ಪರಿಪೂರ್ಣತೆ ಎಂದರೆ ವೆಸ್ಲಿಗೆ ಪ್ರೀತಿ. ದೇವರನ್ನು ಪೂರ್ಣ ಹೃದಯದಿಂದ, ನೆರೆಯವನನ್ನು ತನ್ನಂತೆಯೇ ಪ್ರೀತಿಸುವುದು, ಆ ಪ್ರೀತಿ ಮನಸ್ಸಿನ ಮೂಲೆಮೂಲೆಯನ್ನೂ ತುಂಬುವುದು. ಪಾಪ ಎಂದರೆ ಗೊತ್ತಿರುವ ದೇವರ ಆಜ್ಞೆಯನ್ನು ಬೇಕೆಂದೇ ಮೀರುವುದು. ಅಂಥದ್ದನ್ನು ವಿಶ್ವಾಸಿ ಮಾಡಲೇಬೇಕಾದ ಗತಿಯಲ್ಲಿಲ್ಲ ಎಂಬುದು ಅವರ ಮಾತು. ಆದರೆ ತಿಳಿಯದೆ ಆಗುವ ತಪ್ಪು, ಮರೆವು, ಅರೆತಿಳುವಳಿಕೆ, ಇವು ದೇಹವಿರುವತನಕ ಬಿಡುವುದಿಲ್ಲ, ಅವಕ್ಕೂ ಕ್ರಿಸ್ತನ ರಕ್ತವೇ ಬೇಕು ಎಂದೂ ಅವರೇ ಬರೆದರು. "ಪಾಪರಹಿತ ಪರಿಪೂರ್ಣತೆ" ಎಂಬ ಮಾತನ್ನು ತಾನು ಬಳಸುವುದಿಲ್ಲ ಎಂದರು. ಲಂಡನ್ನಿನಲ್ಲಿ ಅವರದೇ ಸಂಘದ ಜಾರ್ಜ್ ಬೆಲ್ ಎಂಬಾತ ತಾನು ಪರಿಪೂರ್ಣನಾದೆ ಎಂದು ಹೇಳಿಕೊಂಡು, 1763ರ ಫೆಬ್ರವರಿ 28ಕ್ಕೆ ಲೋಕ ಮುಗಿಯುತ್ತದೆ ಎಂದು ಸಾರಿದಾಗ ವೆಸ್ಲಿ ಅದನ್ನು ಬಹಿರಂಗವಾಗಿ ವಿರೋಧಿಸಿದರು. ನೀವು ಪರಿಪೂರ್ಣರೇ ಎಂದು ತಮ್ಮನ್ನೇ ಕೇಳಿದವರಿಗೆ, ನಾನು ಬರೆದ ಆ ಚಿತ್ರದ ಮಟ್ಟಕ್ಕೆ ನಾನಿನ್ನೂ ಬಂದಿಲ್ಲ ಎಂದು 1767ರಲ್ಲಿ ಪತ್ರಿಕೆಗೇ ಬರೆದು ಒಪ್ಪಿಕೊಂಡರು. ಆ ಒಂದು ಒಪ್ಪಿಗೆಯಿಂದಲೇ ನನಗೆ ವೆಸ್ಲಿಯ ಮೇಲೆ ಗೌರವ ಹೆಚ್ಚಿತು. ಗುರಿಯನ್ನು ತನ್ನ ಎತ್ತರಕ್ಕೆ ಇಳಿಸಿಕೊಳ್ಳಲಿಲ್ಲ, ತನ್ನ ಎತ್ತರವನ್ನು ಹೆಚ್ಚಿಸಿ ಹೇಳಿಕೊಳ್ಳಲೂ ಇಲ್ಲ.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ಇದನ್ನು ಬರೆಯದೆ ಮುಂದಕ್ಕೆ ಹೋದರೆ ಈ ಬರಹಕ್ಕೇ ಅರ್ಥವಿರುವುದಿಲ್ಲ.

ನಾನು ನರ್ಸು. ಮೊಣಕಾಲು ನೋವಿನಿಂದ ಎರಡು ವರ್ಷದ ಹಿಂದೆ ಕೆಲಸ ಬಿಟ್ಟೆ. ಕೆಲಸಕ್ಕೆ ಸೇರಿದ ಆರನೇ ವರ್ಷ, ಒಂದು ಆಸ್ಪತ್ರೆಯ ಮೆಡಿಕಲ್ ವಾರ್ಡಿನಲ್ಲಿ ನನಗೆ ನೈಟ್ ಡ್ಯೂಟಿ. ಇಪ್ಪತ್ತೆಂಟು ಬೆಡ್ಡು, ಇಬ್ಬರು ಇರಬೇಕಾದ ಕಡೆ ನಾನೊಬ್ಬಳೇ. ರಾತ್ರಿ ಎರಡು ಗಂಟೆಗೆ ಹನ್ನೆರಡು ಜನರ ಜ್ವರ, ನಾಡಿ, ಉಸಿರು ನೋಡಿ ಚಾರ್ಟಿನಲ್ಲಿ ಬರೆಯಬೇಕಿತ್ತು. ಐದು ಜನರದ್ದು ನೋಡಿದೆ. ಕಾಲು ಸೋತಿತ್ತು, ಕಣ್ಣು ಎಳೆಯುತ್ತಿತ್ತು. ಎಲ್ಲರೂ ಮಲಗಿದ್ದಾರೆ, ಎಬ್ಬಿಸುವುದೇಕೆ ಅಂದುಕೊಂಡೆ. ಟೇಬಲ್ಲಿಗೆ ಬಂದು ಕೂತು ಉಳಿದ ಏಳು ಚಾರ್ಟಿನಲ್ಲಿ ಹತ್ತು ಗಂಟೆಯ ಲೆಕ್ಕ ನೋಡಿಕೊಂಡು ಸ್ವಲ್ಪ ಹೆಚ್ಚುಕಮ್ಮಿ ಮಾಡಿ ತುಂಬಿದೆ. 98.4, 98.6. ನಾಡಿ 78, 80, 76. ಉಸಿರು ಎಲ್ಲರದ್ದೂ 18. ನನ್ನ ಅಕ್ಷರ ಅವತ್ತು ಎಷ್ಟು ದುಂಡಗಿತ್ತು ಎಂದರೆ ಅದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಬೆಳಗ್ಗೆ ಆರಕ್ಕೆ ಹನ್ನೊಂದನೇ ಬೆಡ್ಡಿನ ಅಜ್ಜನಿಗೆ 102 ಜ್ವರ. ಮೈ ಕೆಂಡ. ಎರಡು ಗಂಟೆಗೆ 98.6 ಎಂದು ನಾನು ಬರೆದಿದ್ದೆ. ರೌಂಡ್ಸಿಗೆ ಬಂದ ಡಾಕ್ಟರು ಚಾರ್ಟು ನೋಡಿ, "ಎರಡಕ್ಕೆ ನಾರ್ಮಲ್ ಇತ್ತಲ್ಲ, ಈಗ ತಾನೆ ಏರಿರಬೇಕು" ಎಂದು ಔಷಧಿ ಬದಲಿಸಿ ಮುಂದಕ್ಕೆ ಹೋದರು. ಅಜ್ಜ ಹುಷಾರಾದರು. ಒಂಬತ್ತು ದಿನಕ್ಕೆ ಮನೆಗೆ ಹೋದರು. ಹೋಗುವಾಗ ಅವರ ಹೆಂಡತಿ ನನ್ನನ್ನು ಹುಡುಕಿಕೊಂಡು ಬಂದು ಒಂದು ಚಿಪ್ಪು ರಸಬಾಳೆ ಕೈಗಿಟ್ಟರು. "ರಾತ್ರಿಯೆಲ್ಲ ನೀವೊಬ್ಬರೇ ಓಡಾಡಿ ನೋಡ್ಕೊಂಡ್ರಿ ಸಿಸ್ಟರ್" ಎಂದರು.

ಆ ಹಣ್ಣನ್ನು ನಾನು ತಿನ್ನಲಿಲ್ಲ. ಎಸೆಯಲೂ ಇಲ್ಲ. ಹಾಸ್ಟೆಲ್ ರೂಮಿನ ಕಿಟಕಿಯಲ್ಲಿಟ್ಟೆ, ಅದು ಅಲ್ಲೇ ಕರಗಿ ಕಪ್ಪಾಯಿತು.

ಯೋಹಾನನ ಪತ್ರವನ್ನು ನಾನು ಮನಸ್ಸಿಟ್ಟು ಓದಿದ್ದು ಆ ದಿನಗಳಲ್ಲಿ. ದೇವರಿಂದ ಹುಟ್ಟಿದವನು ಪಾಪ ಮಾಡುವುದಿಲ್ಲ. ಹಾಗಾದರೆ ನಾನು ಯಾರಿಂದ ಹುಟ್ಟಿದೆ? ಹದಿನಾರನೇ ವಯಸ್ಸಿನಲ್ಲಿ ಅಳುತ್ತ ಬೇಡಿಕೊಂಡದ್ದು ಸುಳ್ಳೇ? ಆಗ ನಮ್ಮ ಸಭೆಗೆ ಬಂದಿದ್ದ ಅಯ್ಯನವರಿಗೆ, ಅಂದರೆ ಸಭಾಪಾಲಕರಿಗೆ, ವಿಷಯ ಹೇಳದೆ, ಬರೀ ವಾಕ್ಯದ ಅರ್ಥ ಎಂಬಂತೆ ಕೇಳಿದೆ. ಅವರು ಮೂಲ ಗ್ರೀಕಿನ ಮಾತು ತಿಳಿಸಿದರು. ಮೂರನೇ ಅಧ್ಯಾಯದ ಕ್ರಿಯಾಪದ ನಡೆಯುತ್ತಲೇ ಇರುವುದನ್ನು ಹೇಳುವ ರೂಪ, ಎರಡನೇ ಅಧ್ಯಾಯದ ಆರಂಭದಲ್ಲಿ "ಯಾರಾದರೂ ಪಾಪ ಮಾಡಿದರೆ" ಎನ್ನುವಾಗ ಒಮ್ಮೆ ನಡೆದುಹೋದದ್ದನ್ನು ಹೇಳುವ ರೂಪ. "ಕುಡಿದವನು ಬೇರೆ, ಕುಡುಕ ಬೇರೆ ಅಲ್ಲವೇನಮ್ಮ, ಹಾಗೆ" ಎಂದರು. ಬಹಳ ಪಂಡಿತರು ಈ ವಾಕ್ಯವನ್ನು ಹೀಗೆಯೇ ಬಿಡಿಸುತ್ತಾರೆ.

ನನಗೆ ಒಂದು ವಾರ ಸಮಾಧಾನವಾಯಿತು. ಆಮೇಲೆ ಆ ಸಮಾಧಾನವೂ ನನ್ನನ್ನು ಬಿಟ್ಟಿತು. ಏಕೆಂದರೆ ವ್ಯಾಕರಣದಲ್ಲೂ ನುಸುಳುವುದಕ್ಕೆ ದಾರಿ ಇದೆ. ಒಂದು ರಾತ್ರಿ ತಾನೇ, ದಿನಾ ಅಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಯೋಹಾನ ಎರಡನೇ ಅಧ್ಯಾಯ ಶುರು ಮಾಡುವುದೇ ಬೇರೆ ರೀತಿ: ಪ್ರಿಯ ಮಕ್ಕಳೇ, ನೀವು ಪಾಪ ಮಾಡದ ಹಾಗೆ ಇದನ್ನು ಬರೆಯುತ್ತಿದ್ದೇನೆ. ಕಡಿಮೆ ಮಾಡಿರಿ ಎನ್ನುವುದಿಲ್ಲ, ರೂಢಿ ಮಾಡಿಕೊಳ್ಳಬೇಡಿರಿ ಎಂದೂ ಅಲ್ಲ. ಮಾಡದ ಹಾಗೆ. ಅದರ ಬೆನ್ನಿಗೇ, ಮಾಡಿದರೆ ತಂದೆಯ ಹತ್ತಿರ ನಮ್ಮ ಪರವಾಗಿ ನಿಲ್ಲುವ ಒಬ್ಬನಿದ್ದಾನೆ ಎಂಬ ಮಾತು. ಒಂದೇ ಉಸಿರಿನಲ್ಲಿ ಎರಡನ್ನೂ ಹೇಳುತ್ತಾನೆ ಆ ಮುದುಕ. ನಾವು ಮಾತ್ರ ನಮಗೆ ಬೇಕಾದ ಅರ್ಧವನ್ನು ಹರಿದುಕೊಂಡು ಓಡುತ್ತೇವೆ. ಹುಡುಗ ಒಂದು ಚೂರು ಇಟ್ಟುಕೊಂಡ, ಹಿರಿಯರು ಇನ್ನೊಂದು.

ಆ ರಾತ್ರಿಯ ಬಗ್ಗೆ ನಾನು ಎಷ್ಟು ವರ್ಷ ಯೋಚಿಸಿದರೂ ಬಂದು ನಿಲ್ಲುವುದು ಒಂದೇ ಜಾಗಕ್ಕೆ. ಥರ್ಮಾಮೀಟರು ಟ್ರೇಯಲ್ಲೇ ಇತ್ತು. ಹನ್ನೊಂದನೇ ಬೆಡ್ಡು ನನ್ನ ಟೇಬಲ್ಲಿಂದ ಹದಿನೈದು ಹೆಜ್ಜೆ. ನಾನು ಏಳಬಹುದಿತ್ತು. ಮನುಷ್ಯ ಸ್ವಭಾವ, ಆದಾಮನ ಪತನ, ಇವೆಲ್ಲ ನಿಜವೇ ಇರಬಹುದು, ಆದರೆ ಅವತ್ತು ನನ್ನ ಭುಜ ಹಿಡಿದು ಕುರ್ಚಿಗೆ ಅದುಮಿದವರು ಯಾರೂ ಇರಲಿಲ್ಲ. ಪೌಲ ಕೊರಿಂಥದವರಿಗೆ ಬರೆದ ಹಾಗೆ, ಪ್ರತಿ ಶೋಧನೆಯ ಜೊತೆಗೂ ತಪ್ಪಿಸಿಕೊಳ್ಳುವ ದಾರಿಯನ್ನು ದೇವರು ಇಟ್ಟೇ ಇರುತ್ತಾನೆ. ನನ್ನ ದಾರಿ ಹದಿನೈದು ಹೆಜ್ಜೆಯದಾಗಿತ್ತು.

ಹದಿಮೂರನೇ ಶತಮಾನದ ಕಥೋಲಿಕ ಪಂಡಿತ ಥಾಮಸ್ ಅಕ್ವಿನಾಸ್ ಇದನ್ನೇ ಬಿಡಿಸಿ ಹೇಳಿದ್ದಾರೆ. ಕೃಪೆಯಲ್ಲಿರುವವನು ಘೋರ ಪಾಪಗಳಿಂದ ದೂರ ಇರಬಲ್ಲ. ಚಿಕ್ಕಪುಟ್ಟ ಪಾಪಗಳಲ್ಲಿ ಯಾವ ಒಂದನ್ನು ತೆಗೆದುಕೊಂಡರೂ ಅದನ್ನು ಮಾಡದೆ ಇರಬಲ್ಲ, ಆದರೆ ಎಲ್ಲವನ್ನೂ ಯಾವಾಗಲೂ ತಪ್ಪಿಸಿಕೊಳ್ಳಲಾರ. 1547ರಲ್ಲಿ ಕಥೋಲಿಕ ಬಿಷಪ್ಪರ ಟ್ರೆಂಟ್ ಮಹಾಸಭೆಯೂ, ದೇವರ ವಿಶೇಷ ಅನುಗ್ರಹವಿಲ್ಲದೆ ಬದುಕಿನುದ್ದಕ್ಕೂ ಚಿಕ್ಕ ಪಾಪವನ್ನೂ ಮಾಡದೆ ಇರುವುದು ಯಾರಿಗೂ ಆಗದು, ಅಂಥ ಅನುಗ್ರಹ ಮರಿಯಮ್ಮನವರಿಗೆ ಸಿಕ್ಕಿತೆಂದು ಧರ್ಮಸಭೆ ನಂಬುತ್ತದೆ ಎಂದು ಬರೆದಿಟ್ಟಿತು. ನಾನು ಈ ಮಾತನ್ನು ಪುಸ್ತಕದಲ್ಲಿ ಓದುವುದಕ್ಕೆ ಮುಂಚೆಯೇ ನಮ್ಮ ಅತ್ತೆಯಲ್ಲಿ ಕಂಡಿದ್ದೆ.

ನಮ್ಮ ಯಜಮಾನರದು ಕಥೋಲಿಕ ಮನೆತನ. ಅತ್ತೆಯ ತವರು ಶ್ರೀರಂಗಪಟ್ಟಣದ ಗಂಜಾಂ, ಅಬೆ ದುಬುವಾ ಎಂಬ ಫ್ರೆಂಚ್ ಪಾದ್ರಿ ಕಟ್ಟಿಸಿದ ಇಗರ್ಜಿಯ ಊರು. ಎಂಬತ್ತು ದಾಟಿದ ಮೇಲೂ ಅತ್ತೆ ತಿಂಗಳಿಗೊಮ್ಮೆ ಆಟೋ ಹತ್ತಿ ಫಿಲೋಮಿನಾ ಚರ್ಚಿಗೆ ಪಾಪನಿವೇದನೆಗೆ ಹೋಗುತ್ತಿದ್ದರು. 1933ರಲ್ಲಿ ನಾಲ್ವಡಿಯವರು ಅಡಿಗಲ್ಲಿಟ್ಟ ಆ ಎರಡು ಗೋಪುರದ ದೊಡ್ಡ ಚರ್ಚಿನೊಳಗೆ, ಮೂಲೆಯ ಮರದ ಜಾಲರಿಯ ಮುಂದೆ, ಬಗ್ಗಿದ ಬೆನ್ನಿನ ಈ ಮುದುಕಿ. ಒಮ್ಮೆ ಜೊತೆಗೆ ಹೋಗಿದ್ದಾಗ ದಾರಿಯಲ್ಲಿ ಕೇಳಿದೆ: "ಈ ವಯಸ್ಸಿನಲ್ಲಿ ನಿಮಗೇನು ಪಾಪ ಇರುತ್ತೆ ಅತ್ತೆ?"

"ಮೊನ್ನೆ ಹಾಲಿನವನಿಗೆ ಚಿಲ್ಲರೆ ಇಲ್ಲ ಅಂದೆ. ಇತ್ತು ಕಣಮ್ಮ, ಸೊಂಟದಲ್ಲೇ ಇತ್ತು."

"ಇದಕ್ಕೂ ಸ್ವಾಮಿಗಳ ಹತ್ರ ಹೋಗ್ಬೇಕಾ?"

"ಚಿಕ್ಕದನ್ನ ಹೇಳಿ ಹೇಳಿ ಬಾಯಿಗೆ ರೂಢಿ ಇರ್ಬೇಕು. ಇಲ್ದಿದ್ರೆ ದೊಡ್ಡದು ಬಂದಾಗ ಬಾಯೇ ಬರಲ್ಲ."

ದುಬುವಾ ಮೂವತ್ತು ವರ್ಷಕ್ಕಿಂತ ಹೆಚ್ಚು ಈ ದೇಶದಲ್ಲಿ ದುಡಿದು, 1823ರಲ್ಲಿ ಫ್ರಾನ್ಸಿಗೆ ವಾಪಸ್ ಹೋಗುವಾಗ, ಇಲ್ಲಿಯ ಜನ ನಿಜವಾದ ಕ್ರೈಸ್ತರಾಗುತ್ತಾರೆಂಬ ಆಸೆಯನ್ನೇ ಬಿಟ್ಟಿದ್ದರು. ಅವರ ನಿರಾಶೆಯ ಬಗ್ಗೆ ಓದಿದಾಗಲೆಲ್ಲ ನನಗೆ ಅತ್ತೆಯ ಸೊಂಟದ ಚಿಲ್ಲರೆ ನೆನಪಾಗುತ್ತದೆ. ಗಂಜಾಂನ ಆ ಹೆಣ್ಣುಮಗಳನ್ನು ಅವರು ನೋಡಬೇಕಿತ್ತು.

ಅತ್ತೆ ಹೇಳಿದ ಆ ರೂಢಿ ನನಗೆ ಇರಲಿಲ್ಲ. ನಮ್ಮ ಸಭೆಯಲ್ಲಿ ಎಲ್ಲರೂ ಒಟ್ಟಿಗೆ, ಅಚ್ಚಾದ ಪುಸ್ತಕ ನೋಡಿಕೊಂಡು ಪಾಪದ ಅರಿಕೆ ಹೇಳುತ್ತೇವೆ. ಮಾಡಬಾರದ್ದನ್ನು ಮಾಡಿದ್ದೇವೆ, ಮಾಡಬೇಕಾದದ್ದನ್ನು ಮಾಡದೆ ಬಿಟ್ಟಿದ್ದೇವೆ. ಬಹುವಚನದೊಳಗೆ ಅವಿತುಕೊಳ್ಳುವುದು ಸುಲಭ. ಹನ್ನೊಂದನೇ ಬೆಡ್ಡಿನ ವಿಷಯವನ್ನು ದೇವರಿಗೆ ನೂರು ಸಲ ಹೇಳಿದ್ದೆ. ಕ್ಷಮಿಸಿದ್ದಾನೆ ಎಂದು ನಂಬಿಯೂ ಇದ್ದೆ. ಆದರೂ ಪ್ರತಿ ಚಾರ್ಟು ಮುಟ್ಟುವಾಗ ಕೈ ಹಿಂದಕ್ಕೆ ಎಳೆಯುತ್ತಿತ್ತು. ಯಾಕೋಬನ ಪತ್ರದಲ್ಲಿ, ನಿಮ್ಮ ಪಾಪಗಳನ್ನು ಒಬ್ಬರಿಗೊಬ್ಬರು ಅರಿಕೆಮಾಡಿರಿ ಎಂದಿದೆ. ತಿಂಗಳಾದ ಮೇಲೆ ಒಂದು ಮಧ್ಯಾಹ್ನ ವಾರ್ಡ್ ಇನ್‌ಚಾರ್ಜ್ ಸಿಸ್ಟರ್ ಒಬ್ಬರೇ ಇದ್ದಾಗ ಹೋಗಿ ಹೇಳಿಬಿಟ್ಟೆ. ಏಳು ಚಾರ್ಟು, ಯಾವ ಯಾವ ಬೆಡ್ಡು, ಎಲ್ಲವನ್ನೂ.

ಅವರು ಬೈಯಲಿಲ್ಲ. "ಹೋಗ್ಲಿ ಬಿಡು, ಎಲ್ಲರೂ ಮಾಡ್ತಾರೆ" ಎಂದೂ ಹೇಳಲಿಲ್ಲ. ಹಾಗೆ ಹೇಳಿದ್ದರೆ ನಾನು ಅಲ್ಲೇ ಕುಸಿದುಬಿಡುತ್ತಿದ್ದೆ. ಮೇಲಿನವರಿಗೆ ತಿಳಿಸಬೇಕಾಗುತ್ತದೆ ಎಂದರು, ತಿಳಿಸಿದರು. ನನಗೆ ಲಿಖಿತ ಎಚ್ಚರಿಕೆ ಬಂತು. ಆಮೇಲೆ ಅವರೇ ನನ್ನನ್ನು ಒಂದು ಬೆಡ್ಡಿನ ಹತ್ತಿರ ಕರೆದುಕೊಂಡು ಹೋಗಿ, ನನ್ನ ಬೆರಳುಗಳನ್ನು ರೋಗಿಯ ಮಣಿಕಟ್ಟಿನ ಮೇಲೆ ಇರಿಸಿದರು. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವುದು ನಮ್ಮೆಲ್ಲರ ಅಭ್ಯಾಸ. "ಇವತ್ತಿಂದ ಒಂದು ನಿಮಿಷ ಪೂರ್ತಿ ಎಣಿಸು. ಯಾರೂ ನೋಡದೆ ಇದ್ದಾಗಲೂ" ಎಂದರು.

ಅಂದಿನಿಂದ ಕೆಲಸ ಬಿಡುವ ದಿನದವರೆಗೆ ನಾನು ನೋಡದೆ ಒಂದು ಅಂಕಿಯನ್ನೂ ಬರೆದಿಲ್ಲ. ಇದನ್ನು ಹೇಳಲು ನನಗೆ ಸಂಕೋಚವಿಲ್ಲ, ಏಕೆಂದರೆ ನಿಜ. ಆ ಒಂದು ಪಾಪವನ್ನು ಬಿಟ್ಟು ಬದುಕಲು ಸಾಧ್ಯವಾಯಿತು, ಕೃಪೆಯಿಂದಲೇ ಸಾಧ್ಯವಾಯಿತು. ಅಷ್ಟು ಮಾತ್ರಕ್ಕೆ ಪಾಪವಿಲ್ಲದವಳಾದೆನೇ ಎಂದರೆ, ಇಲ್ಲ. ಅಪ್ಪ ತೀರಿಕೊಂಡ ಮೇಲೆ ಒಂದೂಕಾಲು ಎಕರೆ ಜಮೀನಿನ ವಿಷಯಕ್ಕೆ ನನಗೂ ತಮ್ಮನಿಗೂ ಮಾತು ನಿಂತು ಆರು ವರ್ಷ. ಅವನದೇ ತಪ್ಪು ಎಂದು ನಾನು ಸಾಧಿಸಿ ತೋರಿಸಬಲ್ಲೆ. ಆದರೆ ಅವನ ಮಗಳ ಮದುವೆಗೆ ನಾನು ಹೋಗಲಿಲ್ಲ. ಆ ಮಗು ನನ್ನ ಮಡಿಲಲ್ಲಿ ಬೆಳೆದದ್ದು. ಇದನ್ನು ಯಾವ ಚಾರ್ಟಿನಲ್ಲಿ ಬರೆಯಲಿ? ತಮ್ಮನ ನಂಬರು ಫೋನಿನಲ್ಲಿದೆ. ಇದನ್ನು ಬರೆಯುವ ಹೊತ್ತಿಗೂ ನಾನು ಅದನ್ನು ಒತ್ತಿಲ್ಲ. ಇಲ್ಲೂ ದಾರಿ ಹದಿನೈದು ಹೆಜ್ಜೆಯಷ್ಟೂ ಇಲ್ಲ.

ಆದ್ದರಿಂದ ಆ ಬುಧವಾರದ ಪ್ರಶ್ನೆಗೆ ನನ್ನ ಉತ್ತರವನ್ನು ನೇರವಾಗಿ ಹೇಳುತ್ತೇನೆ. ಪಾಪವೇ ಇಲ್ಲದೆ ಪೂರಾ ಬದುಕು ಕಳೆದೆ ಎನ್ನುವ ವಿಶ್ವಾಸಿಯನ್ನು ನಾನು ನಂಬುವುದಿಲ್ಲ. 418ರಲ್ಲಿ ಉತ್ತರ ಆಫ್ರಿಕದ ಕಾರ್ಥೇಜಿನಲ್ಲಿ ಸೇರಿದ ಬಿಷಪ್ಪರಿಗೂ ಇಂಥವರೇ ಎದುರಾಗಿದ್ದರು. ನಮ್ಮ ತಪ್ಪುಗಳನ್ನು ಕ್ಷಮಿಸು ಎಂಬ ಕರ್ತನ ಪ್ರಾರ್ಥನೆಯನ್ನು ಸಂತರು ಬರೀ ವಿನಯಕ್ಕೆ ಹೇಳುತ್ತಾರೆ, ತಮ್ಮ ಸಲುವಾಗಿ ಅಲ್ಲ ಎಂಬುದು ಹಾಗೆ ಎದುರಾದವರ ವಾದ. ಇಲ್ಲ, ಸಂತರೂ ಅದನ್ನು ನಿಜವಾಗಿಯೇ, ತಮಗಾಗಿಯೇ ಹೇಳುತ್ತಾರೆ ಎಂದು ಆ ಸಭೆ ತೀರ್ಮಾನ ಮಾಡಿತು. ಈ ಹೊತ್ತಿನ ಅನ್ನ ಕೇಳಿದ ಉಸಿರಿನಲ್ಲೇ ಕ್ಷಮೆಯನ್ನೂ ಕೇಳಿರಿ ಎಂದು ಯೇಸು ಕಲಿಸಿದ. ನಾಳೆಯಿಂದ ಊಟ ಬೇಡ ಎನ್ನುವವರು ನಮ್ಮಲ್ಲಿ ಯಾರಿದ್ದಾರೆ?

ಆದರೆ ಅಷ್ಟೇ ಗಟ್ಟಿಯಾಗಿ ನಮ್ಮ ಹಿರಿಯರಿಗೂ ಹೇಳಬೇಕು: "ಮಾಡ್ತಾನೇ ಇರ್ತೀವಿ" ಎಂಬ ಮಾತು ಸತ್ಯವೇದದಲ್ಲಿಲ್ಲ. ನಾಳೆ ಬೆಳಗ್ಗೆ ಕೈಯಲ್ಲಿ ಹಿಡಿಯುವ ಆ ಒಂದು ಡಬ್ಬಿಯನ್ನು ತೆಗೆಯದೆ ಇರಬಹುದು. ನಮ್ಮಪ್ಪ ತೆಗೆಯದೆ ಇದ್ದರು. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ.

ನಾನು ಕೇಳಿದ ಮಾತಿಗೆ ಎರಡು ವರ್ಷ ಕಳೆದಿತ್ತು. ತಿಂಗಳ ಮೊದಲ ಭಾನುವಾರ, ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ಕರ್ತನ ಭೋಜನ. ನಿಜವಾಗಿ ಪಶ್ಚಾತ್ತಾಪಪಟ್ಟು, ನೆರೆಯವರೊಂದಿಗೆ ಪ್ರೀತಿಯಿಂದಿದ್ದು, ಹೊಸ ಜೀವನ ನಡೆಸಲು ಮನಸ್ಸು ಮಾಡಿದವರು ಹತ್ತಿರ ಬನ್ನಿರಿ ಎಂದು ಅಯ್ಯನವರು ಕರೆದರು. ಎಲ್ಲರೂ ಎದ್ದರು. ಅಪ್ಪ ಏಳಲಿಲ್ಲ. ಅಮ್ಮ ತಿರುಗಿ ನೋಡಿದರು. ಅಪ್ಪ ಎರಡೂ ಕೈಯನ್ನು ಮುಂದಿನ ಬೆಂಚಿನ ಮೇಲಿಟ್ಟು, ಆ ಕೈಗಳನ್ನೇ ನೋಡುತ್ತ ಕೂತಿದ್ದರು. ಮರುದಿನ ಆಲೆಮನೆಯಲ್ಲಿ ಡಬ್ಬಿ ಕಾಣಲಿಲ್ಲ. ಪಾಕ ಕಂದಾಗಿಯೇ ಹದಕ್ಕೆ ಬಂತು, ಅಚ್ಚಿಗೆ ಕಂದಾಗಿಯೇ ಇಳಿಯಿತು. ಕೆಲಸದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಂಡಿಯಿಂದ ಅಪ್ಪ ಸಂಜೆ ಕತ್ತಲಾದ ಮೇಲೆ ಬಂದರು, ಅರ್ಧ ಮಾಲು ಗಾಡಿಯಲ್ಲೇ ಇತ್ತು. ಆ ವರ್ಷ ಅಮ್ಮನ ಎರಡು ಬಳೆ ಹೋದವು. ಮುಂದಿನ ವರ್ಷ ಅಪ್ಪ ಆಲೆಮನೆ ಗುತ್ತಿಗೆ ಬಿಟ್ಟು ಕಬ್ಬನ್ನು ಫ್ಯಾಕ್ಟರಿಗೇ ಕಳಿಸಿದರು. ಸಾಯುವತನಕ ಮುಂಗೋಪಿಯಾಗಿಯೇ ಇದ್ದರು, ತಮ್ಮನ ಮೇಲೆ ಕೈ ಎತ್ತುವುದನ್ನು ಬಿಡಲು ಅವರಿಗೆ ಇನ್ನೂ ಎಷ್ಟೋ ವರ್ಷ ಹಿಡಿಯಿತು. ಆದರೆ ಆ ಡಬ್ಬಿ ಮತ್ತೆ ಬರಲಿಲ್ಲ.

ಮೊನ್ನೆ ಶನಿವಾರ ಸಂಜೆ ಆ ಹುಡುಗ ಹೆಂಡತಿಯನ್ನು ಕರೆದುಕೊಂಡು ನಮ್ಮ ಮನೆಗೆ ಬಂದ. ಬಿ.ಪಿ. ನೋಡಿಸಿಕೊಳ್ಳುವುದಕ್ಕೆ ಬೀದಿಯವರು ಬರುತ್ತಿರುತ್ತಾ‌ರೆ. ಅವಳಿಗೆ ಆರನೇ ತಿಂಗಳು. ಅವಳದ್ದು ನೋಡಿದೆ, ಸರಿಯಿತ್ತು. ಒಳಗೆ ನಮ್ಮ ಮಗಳ ಹತ್ತಿರ ಮಾತಾಡುತ್ತಿರು ಹೋಗಮ್ಮ ಎಂದೆ, ಹೋದಳು. "ನಂದೂ ನೋಡಿ ಆಂಟಿ, ರಾತ್ರಿ ನಿದ್ದೆ ಬರ್ತಿಲ್ಲ" ಎಂದು ಅವನು ಕೈ ಚಾಚಿದ. ಬಲಗೈ ಗೆಣ್ಣಿನ ಮೇಲೆ ಗೋಡೆಗೆ ಗುದ್ದಿದ ಹಾಗೆ ಚರ್ಮ ಸುಲಿದು ಒಣಗಿತ್ತು. ನಾನು ಏನೂ ಕೇಳಲಿಲ್ಲ. ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ಗೋಡೆ ಗಡಿಯಾರ ನೋಡಿದೆ.

ಇಪ್ಪತ್ತು ಸೆಕೆಂಡ್ ಆಗಿರಬೇಕು. "ಆಂಟಿ, ಅವತ್ತು ಪ್ರಾರ್ಥನೇಲಿ ನಾನು..." ಎಂದ.

"ಎಣಿಸ್ತಿದ್ದೀನಿ, ತಡಿ ಮಗ" ಎಂದೆ.

ಸುಮ್ಮನಾದ. ನಾಡಿ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ಅರವತ್ತು ಸೆಕೆಂಡ್ ಪೂರ್ತಿ ಆದ ಮೇಲೂ ನಾನು ಅವನ ಕೈ ಬಿಡಲಿಲ್ಲ.

"ಈಗ ಹೇಳು" ಎಂದೆ.